ಹೊಳೆಯ ಪಾಲಿನ ಬೈಲು

ಹೊಳೆ ಎಂದರೇನು ಎಂದು ಕೇಳಿದರೆ, ಎರಡು ದಡಗಳ ನಡುವೆ ಹರಿಯುವ ನೀರು ಎಂದು ನಾವು ತಟ್ಟನೆ ಹೇಳಿಬಿಡುತ್ತೇವೆ. ಭೂಮಾಪನದ ನಕ್ಷೆ ಹೇಳುವುದೂ ಅದನ್ನೇ. ಅಲ್ಲಿ ಎರಡು ಗೆರೆಗಳಿರುತ್ತವೆ. ಗೆರೆಗಳ ಒಳಗೆ ಹೊಳೆ, ಹೊರಗೆ ನಮ್ಮ ವರ್ಗಭೂಮಿ. ಮಾರ್ಚ್ ತಿಂಗಳಲ್ಲಿ ಹೊಳೆಬದಿಗೆ ಹೋಗಿ ನಿಂತವನಿಗೆ ಈ ಉತ್ತರದಲ್ಲಿ ತಪ್ಪೇನೂ ಕಾಣುವುದಿಲ್ಲ. ಆಟಿಯ ತಿಂಗಳಲ್ಲಿ, ಘಟ್ಟದ ಮೇಲೆ ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ ಅದೇ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ಉತ್ತರ ಅರ್ಧವೇ ಸರಿ ಎಂದು ತಿಳಿಯುತ್ತದೆ. ಆಗ ಹೊಳೆ ಆ ಎರಡು ಗೆರೆಗಳನ್ನು ದಾಟಿ, ಗದ್ದೆಗೆ, ತೋಟಕ್ಕೆ, ಕೆಲವೊಮ್ಮೆ ಅಂಗಳಕ್ಕೆ ಬರುತ್ತದೆ. ನಾವು ಅದನ್ನು ಹೊಳೆ ನಮ್ಮ ಜಾಗಕ್ಕೆ ನುಗ್ಗಿತು ಎನ್ನುತ್ತೇವೆ. ಹೊಳೆಗೆ ಬಾಯಿಯಿದ್ದರೆ ಬೇರೆಯೇ ಮಾತು ಹೇಳುತ್ತಿತ್ತೋ ಏನೋ.

ಹೊಳೆಗೆ ಎರಡು ಅಗಲಗಳಿವೆ: ಬೇಸಗೆಯದೊಂದು, ಮಳೆಗಾಲದ್ದೊಂದು. ಈ ಎರಡನೆಯ ಅಗಲವನ್ನು ಭೂಗೋಲದ ಪುಸ್ತಕಗಳು ಪ್ರವಾಹ ಮೈದಾನ ಎನ್ನುತ್ತವೆ. ನಾನು ಅದನ್ನು ನೆರೆಬಯಲು ಎನ್ನುತ್ತೇನೆ. ಕೆಟ್ಟ ಹೊಳೆಯನ್ನು ಮತ್ತೆ ಸರಿಪಡಿಸಬೇಕಾದರೆ ಬರಿಯ ನೀರಿನ ದಾರಿಯನ್ನಲ್ಲ, ಈ ನೆರೆಬಯಲನ್ನೂ ಕೂಡಿಯೇ ರೂಪಿಸಬೇಕು ಎಂಬುದು ಇಂದಿನ ನನ್ನ ಮಾತಿನ ತಿರುಳು. ದೃಷ್ಟಾಂತಕ್ಕೆ ನನಗೆ ಪರಿಚಿತವಾದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹೊಳೆಗಳನ್ನೇ ಎತ್ತಿಕೊಳ್ಳುತ್ತೇನೆ.

ಈ ಮೂರು ತಾಲೂಕುಗಳ ನೆಲ ಪಡುವಣ ಘಟ್ಟದ ಬುಡದಿಂದ ಕಡಲಿನತ್ತ ಇಳಿಯುವ ಇಳಿಜಾರು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. 1712 ಮೀಟರ್ ಎತ್ತರದ ಕುಮಾರಪರ್ವತದ ಸೀಮೆಯಲ್ಲಿ ಹುಟ್ಟಿದ ಕುಮಾರಧಾರೆ ಸುಬ್ರಹ್ಮಣ್ಯವನ್ನು ಹಾದು, ಗುಂಡ್ಯ ಹೊಳೆಯನ್ನು ಕೂಡಿಸಿಕೊಂಡು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಕೊಡಗಿನ ಅಂಚಿನಿಂದ ಇಳಿದ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ, ಜಾಲ್ಸೂರುಗಳನ್ನು ಬಳಸಿ ಕಾಸರಗೋಡಿನ ಕಡೆಗೆ ಸಾಗಿ ಚಂದ್ರಗಿರಿಯಾಗಿ ಕಡಲು ಕಾಣುತ್ತದೆ. ಈ ದೊಡ್ಡ ಹೊಳೆಗಳಿಗೆ ಬಂದು ಸೇರುವ ತೋಡುಗಳಿಗಂತೂ ಲೆಕ್ಕವಿಲ್ಲ. ನೆನಪಿಡಬೇಕಾದ ಮಾತೆಂದರೆ, ಘಟ್ಟದ ಮೇಲೆ ಕಡಿದಾಗಿ ಧುಮುಕುವ ನೀರು ಬುಡಕ್ಕೆ ಬಂದೊಡನೆ ಚಪ್ಪಟೆ ನೆಲವನ್ನು ಕಾಣುತ್ತದೆ. ಹೊತ್ತು ತಂದ ಕಲ್ಲು, ಮರಳು, ಗೋಡುಗಳನ್ನು ಅದು ಇಳಿಸಬೇಕಾದುದು ಇಲ್ಲೇ. ಹೊರೆ ಇಳಿಸುವುದಕ್ಕೆ ಜಾಗ ಬೇಡವೇ?

ನಮ್ಮ ಹಿರಿಯರು ಈ ಪ್ರಶ್ನೆಯನ್ನು ವಿಜ್ಞಾನದ ಮಾತಿನಲ್ಲಿ ಕೇಳಲಿಲ್ಲ. ಗದ್ದೆಗಳನ್ನು ವಿಂಗಡಿಸುವ ಕ್ರಮದಲ್ಲಿ ಉತ್ತರ ಕೊಟ್ಟರು. ಬೆಟ್ಟು, ಮಜಲು, ಬೈಲು ಎಂಬ ಮೂರು ಮಾತುಗಳನ್ನು ದಕ್ಷಿಣ ಕನ್ನಡದ ಯಾವ ಒಕ್ಕಲಿಗನೂ ಬಲ್ಲ. ಬೆಟ್ಟು ಗದ್ದೆ ಎತ್ತರದ್ದು. ಮಳೆಯನ್ನೇ ನಂಬಿ ಏಣೇಲು ಎಂಬ ಒಂದು ಬೆಳೆ ಕೊಡುವುದು. ಮಜಲು ನಡುವಿನದು, ಏಣೇಲಿನ ಮೇಲೆ ಸುಗ್ಗಿಯನ್ನೂ ಕೊಡುವುದು. ಬೈಲು ಎಲ್ಲಕ್ಕಿಂತ ತಗ್ಗಿನದು. ಏಣೇಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನೂ ಕೊಡಬಲ್ಲದು. ಬೈಲಿಗೆ ಈ ಬಲ ಬಂದುದು ಎಲ್ಲಿಂದ? ಹೊಳೆಯಿಂದ, ತೋಡಿನಿಂದ. ಮಳೆಗಾಲದಲ್ಲಿ ಅದರ ಮೇಲೆ ನೀರು ಹರಡಿತು, ಗೋಡುಮಣ್ಣನ್ನು ಬಿಟ್ಟಿತು, ಇಂಗಿತು. ಬೇಸಗೆಯಲ್ಲಿ ಒರತೆಯಾಗಿ ಮರಳಿತು. ಎಂದರೆ, ನಾವು ಬೈಲು ಎಂದು ಕರೆಯುತ್ತಿದ್ದುದು ನೆರೆಬಯಲನ್ನೇ. ಅದರ ಮೇಲೆ ಬೇಸಾಯವೂ ನಡೆಯುತ್ತಿತ್ತು, ನೆರೆಯೂ ಬಂದುಹೋಗುತ್ತಿತ್ತು. ಮನೆ, ದನದ ಕೊಟ್ಟಿಗೆ, ಮೆಟ್ಟುಕಲ್ಲು ಎಲ್ಲ ಬೈಲಿನ ಅಂಚಿಗಿಂತ ಮೇಲೆ. ಹಳೆಯ ಮನೆಗಳ ನೆಲೆಯನ್ನು ನೋಡುತ್ತ ನಡೆದರೆ ಹೊಳೆಯ ಎರಡನೆಯ ದಡ ಎಲ್ಲಿತ್ತೆಂಬುದು ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ.

ಹೊಳೆ ಹರಡುವುದನ್ನು ನಮ್ಮ ಜನ ಕೇವಲ ಅನಿಷ್ಟವೆಂದು ಎಣಿಸಿರಲಿಲ್ಲ. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಒಂದು ಕಡೆಯಿಂದ, ಕುಮಾರಧಾರೆ ಇನ್ನೊಂದು ಕಡೆಯಿಂದ ಉಕ್ಕಿ ಬಂದು ಸಹಸ್ರಲಿಂಗೇಶ್ವರ ದೇವಾಲಯದ ಎದುರಿನಲ್ಲಿ ಒಂದಾದರೆ ಅದನ್ನು ಸಂಗಮವೆಂದು ಕಾದು ನೋಡುತ್ತಾರೆ. ಪೂಜೆ ನಡೆಯುತ್ತದೆ, ಜನ ತೀರ್ಥಸ್ನಾನ ಮಾಡುತ್ತಾರೆ. ಹಾಗೆಂದು ಭಯವಿರಲಿಲ್ಲವೆಂದಲ್ಲ. 1923ರ ನೆರೆಗೆ ತುಳುವರು ಕೊಟ್ಟ ಹೆಸರು ‘ಮಾರಿ ಬೊಳ್ಳ’. 1974ರ ನೆರೆಯನ್ನೂ ನೇತ್ರಾವತಿಯ ದಂಡೆಯ ಜನ ಮರೆತಿಲ್ಲ. ಒಂದೇ ನೀರಿಗೆ ಸಂಗಮ ಎಂಬ ಹೆಸರೂ ಇದೆ, ಮಾರಿ ಎಂಬ ಹೆಸರೂ ಇದೆ. ಈ ಎರಡರ ನಡುವಿನ ಅಂತರ ನೀರಿನ ಪ್ರಮಾಣದ್ದು ಮಾತ್ರವಲ್ಲ. ಅದಕ್ಕೆ ಸಿಕ್ಕ ಜಾಗದ್ದೂ ಹೌದು.

ಇನ್ನು ಶಾಸ್ತ್ರದ ಕಡೆಗೆ ಸ್ವಲ್ಪ ಹೊರಳೋಣ. ಹೊಳೆ ತನ್ನ ಪಾತ್ರವನ್ನು ತಾನೇ ಕೊರೆದುಕೊಳ್ಳುತ್ತದೆ. ಎಷ್ಟು ದೊಡ್ಡದಾಗಿ? ಅತಿ ದೊಡ್ಡ ನೆರೆ ಹಿಡಿಯುವಷ್ಟು ದೊಡ್ಡದಾಗಿ ಕೊರೆದುಕೊಳ್ಳಬಾರದೇಕೆ? ಅಮೆರಿಕದ ಲೂನಾ ಲಿಯೋಪೋಲ್ಡ್ ಮತ್ತು ಗಾರ್ಡನ್ ವೋಲ್ಮನ್ ಎಂಬ ವಿಜ್ಞಾನಿಗಳು 1957ರಲ್ಲಿ ಈ ವಿಷಯದ ಮೇಲೆ ಬರೆದದ್ದು ಈಗಲೂ ಆಧಾರವಾಗಿ ಉಳಿದಿದೆ. ಅವರು ಅಳೆದು ನೋಡಿದ ಹೊಳೆಗಳಲ್ಲಿ ಬಹಳಷ್ಟು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದಡ ತುಂಬಿ ಹೊರಚೆಲ್ಲುತ್ತಿದ್ದವು. ಅಂದರೆ ಸಾಮಾನ್ಯ ತುಂಬುಹೊಳೆಗೆ ತಕ್ಕ ಪಾತ್ರ ಒಂದು. ಅದಕ್ಕೆ ಮೀರಿದ್ದಕ್ಕೆ ಪಕ್ಕದ ಬಯಲು. ಹೊಳೆಯ ಶಿಲ್ಪವೇ ಹಾಗೆ. ನಮ್ಮ ಮಳೆಗಾಲದ ಹೊಳೆಗಳಿಗೆ ಆ ವರ್ಷಗಳ ಲೆಕ್ಕವನ್ನು ಹಾಗೆಯೇ ಅಂಟಿಸಲಾಗದು. ಇಲ್ಲಿ ಒಂದೇ ಮಳೆಗಾಲದಲ್ಲಿ ತೋಡು ಹಲವು ಸಲ ತುಂಬಿ ಹರಿಯುವುದುಂಟು. ಆದರೆ ತತ್ತ್ವ ಒಂದೇ. ಹೊರಚೆಲ್ಲುವುದು ಹೊಳೆಯ ದೋಷವಲ್ಲ, ಅದರ ನಡತೆ.

ಹೊರಚೆಲ್ಲದಂತೆ ಅದನ್ನು ತಡೆದರೆ ಏನಾಗುತ್ತದೆ? ನೀರು ತನ್ನ ತಳವನ್ನು ಎಳೆಯುವ ಬಲ ನೀರಿನ ಆಳಕ್ಕೂ ಇಳಿಜಾರಿಗೂ ತಕ್ಕಂತೆ ಬೆಳೆಯುತ್ತದೆ. ಒಂದಾಳು ನೀರು ಹರಿಯುತ್ತಿದ್ದಲ್ಲಿ ಎರಡಾಳು ನೀರನ್ನು ನಿಲ್ಲಿಸಿದರೆ ಎಳೆತವೂ ಎರಡು ಪಟ್ಟು. ಹೊಳೆಗೆ ಬಯಲಿದ್ದಾಗ ಹೆಚ್ಚಾದ ನೀರು ಬದಿಗೆ ಹರಡಿ ತೆಳುವಾಗುತ್ತದೆ, ನಿಧಾನವಾಗುತ್ತದೆ. ಎರಡು ಕಡೆಯೂ ಎತ್ತರದ ಗೋಡೆ ಕಟ್ಟಿದರೆ ಅದೇ ನೀರು ಮೇಲಕ್ಕೇರುತ್ತದೆ. ಏರಿದಷ್ಟೂ ತಳವನ್ನು ಕೆರೆಯುತ್ತದೆ. ತಳ ತಗ್ಗಿದರೆ ಗೋಡೆಯ ಅಡಿಗಲ್ಲು ಸಡಿಲವಾಗುತ್ತದೆ. ಗೋಡೆ ಬಿದ್ದರೆ ಇನ್ನೂ ಎತ್ತರದ ಗೋಡೆ ಬೇಕೆನಿಸುತ್ತದೆ. ಇದು ಕೊನೆಯಿಲ್ಲದ ಸರಣಿ. ಮೇಲೆ ಗೋಡೆ ಕಟ್ಟಿಸಿದವನ ತೋಟ ಒಂದೆರಡು ವರ್ಷ ಉಳಿದೀತು. ಎದುರು ದಡದವನೂ ಕೆಳಗಿನ ತಿರುವಿನವನೂ ಅದರ ಬೆಲೆಯನ್ನು ತೆರುತ್ತಾರೆ.

ನಮ್ಮ ಸೀಮೆಯಲ್ಲಿ ನಡೆದುಬಂದುದು ಇದೇ. ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ ‘ಬೆಟ್ಟದ ಜೀವ’ 1943ರ ಕಾದಂಬರಿ. ಕುಮಾರಪರ್ವತದ ತಪ್ಪಲಿನ ಕಾಡಿನ ನಡುವೆ ತೋಟ ಎಬ್ಬಿಸಿದ ಗೋಪಾಲಯ್ಯನ ಸಾಹಸವನ್ನು ಓದದವರು ನಿಮ್ಮಲ್ಲಿ ವಿರಳ. ಅಂಥ ಮನೆತನಗಳ ದುಡಿಮೆಯಿಂದಲೇ ಈ ಸೀಮೆ ಅಡಿಕೆಯ ನಾಡಾಯಿತು. ಆದರೆ ಆ ಕಾಲದಲ್ಲಿ ತೋಟಗಳ ಜತೆಗೆ ಭತ್ತದ ಬೈಲುಗಳೂ ಇದ್ದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅದು ನ್ಯಾಯದ ಕೆಲಸ. ಮುಂದಿನ ದಶಕಗಳಲ್ಲಿ ಕೂಲಿಯಾಳುಗಳು ವಿರಳರಾದರು, ಭತ್ತ ಗಿಟ್ಟದಾಯಿತು, ಅಡಿಕೆಯ ಧಾರಣೆ ಏರಿತು. ಬೈಲಿಗೆ ಬೈಲೇ ಅಡಿಕೆತೋಟವಾಯಿತು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ; ಒಂದೂವರೆ ಎಕರೆಯ ಒಡೆಯ ಮಕ್ಕಳನ್ನು ಓದಿಸಬೇಕಾಗಿತ್ತು.

ಗದ್ದೆಗೂ ತೋಟಕ್ಕೂ ನೀರಿನ ದೃಷ್ಟಿಯಿಂದ ಇರುವ ವ್ಯತ್ಯಾಸ ದೊಡ್ಡದು. ಗದ್ದೆಯ ಹುಣಿ ಒಂದು ಗೇಣಿಗಿಂತ ಕಡಿಮೆ, ಹದಿನೈದು ಸೆಂಟಿಮೀಟರ್ ನೀರು ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಸುಮಾರು ಆರು ಲಕ್ಷ ಲೀಟರ್ ಆಯಿತು. ಹತ್ತು ಎಕರೆಯ ಬೈಲಿನ ಮೇಲೆ ಒಂದು ಮೀಟರ್ ನೆರೆ ಹರಡಿದರೆ ನಾಲ್ಕು ಕೋಟಿ ಲೀಟರ್. ತೋಟಕ್ಕೆ ಇದು ಬೇಡ. ಅಡಿಕೆಮರದ ಬುಡದಲ್ಲಿ ನೀರು ನಿಲ್ಲಬಾರದು. ಬಸಿಕಣಿಗಳಿಂದ ಅದು ಬೇಗ ತೋಡಿಗೆ ಇಳಿಯಬೇಕು. ಹೀಗೆ ಬೈಲು ತೋಟವಾದಾಗ ನೀರನ್ನು ಹಿಡಿದಿಡುತ್ತಿದ್ದ ನೆಲ ನೀರನ್ನು ಹೊರದಬ್ಬುವ ನೆಲವಾಯಿತು. ಅಲ್ಲಿಗೇ ನಿಲ್ಲದೆ ನಾವು ಮಣ್ಣು ತುಂಬಿಸಿ ನೆಲವನ್ನು ಎತ್ತರಿಸಿದೆವು, ತೋಡಿನ ಅಂಕುಡೊಂಕನ್ನು ನೇರಮಾಡಿದೆವು, ಕೆಂಪುಕಲ್ಲಿನ ಕಟ್ಟೋಣ ಏರಿಸಿದೆವು. ನಾಲ್ಕು ಮಾರು ಅಗಲವಿದ್ದ ತೋಡು ಎರಡು ಮಾರಿಗೆ ಇಳಿದ ಉದಾಹರಣೆಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಪ್ರತಿಯೊಬ್ಬನೂ ಕಸಿದುಕೊಂಡದ್ದು ಒಂದು ಮೊಳ. ಎಲ್ಲರ ಮೊಳ ಕೂಡಿದಾಗ ಒಂದು ಬೈಲೇ ಕಾಣೆಯಾಯಿತು.

ಇದರ ಫಲವನ್ನು ಪಯಸ್ವಿನಿಯ ದಂಡೆಯಲ್ಲಿ ನೋಡಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು ಕಡೆಗಳಲ್ಲಿ ಗುಡ್ಡಗಳು ಕುಸಿದವು. ಸಾವುನೋವುಗಳಾದವು, ಮಂಗಳೂರು–ಮಡಿಕೇರಿ ಹೆದ್ದಾರಿ ಕಡಿದುಹೋಯಿತು. ಕುಸಿದ ಮಣ್ಣು, ಬಂಡೆ, ಮರಗಳು ಅಲ್ಲೇ ನಿಲ್ಲುವಂಥವಲ್ಲ; ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಹೊಳೆಗುಂಟ ಕೆಳಗೆ ಸಾಗುತ್ತವೆ. 2022ರ ಆಗಸ್ಟ್ ಮೊದಲ ವಾರದಲ್ಲಿ ಸುಬ್ರಹ್ಮಣ್ಯ, ಕಲ್ಮಕಾರು, ಕೊಲ್ಲಮೊಗ್ರು, ಹರಿಹರ ಪಲ್ಲತಡ್ಕ ಕಡೆಗಳಲ್ಲಿ ಭಾರಿ ಮಳೆ ಸುರಿಯಿತು. ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಎಳೆಯ ಸೋದರಿಯರು ತೀರಿಕೊಂಡರು. ಅದೇ ದಿನಗಳಲ್ಲಿ ಸಂಪಾಜೆಯ ಬಳಿಯ ಕಲ್ಲುಗುಂಡಿಯಲ್ಲಿ ಪಯಸ್ವಿನಿ ಉಕ್ಕಿ ಮನೆ, ಅಂಗಡಿಗಳಿಗೆ ಹೊಕ್ಕಿತು. ತೇಲಿಬಂದ ದಿಮ್ಮಿಗಳು ಸೇತುವೆಗಳ ಕಂಬಗಳಿಗೆ ಸಿಕ್ಕಿಕೊಂಡು ನೀರನ್ನು ಬದಿಗೆ ತಿರುಗಿಸಿದವು. ಗುಡ್ಡ ಕುಸಿಯುವುದಕ್ಕೆ ನೆರೆಬಯಲು ಮದ್ದಲ್ಲ. ಅದರ ಕಾರಣಗಳೇ ಬೇರೆ. ಆದರೆ ಕುಸಿದು ಬಂದ ಹೊರೆಯನ್ನು ಹೊಳೆ ಎಲ್ಲಿ ಇಳಿಸಬೇಕು ಎಂಬುದಂತೂ ನೆರೆಬಯಲಿನದೇ ಪ್ರಶ್ನೆ. ಬಯಲು ಸಿಗದಿದ್ದಾಗ ಅದು ತನ್ನ ಪಾತ್ರದಲ್ಲೇ ಇಳಿಸುತ್ತದೆ. ತಳ ಏರುತ್ತದೆ. ಮರುವರ್ಷ ಅಷ್ಟೇ ಮಳೆಗೆ ನೀರು ಇನ್ನೂ ಮೇಲೆ ಬರುತ್ತದೆ.

ಆಗ ಎಲ್ಲರೂ ಹೇಳುವುದು ಒಂದೇ ಮಾತು: ಹೂಳು ತೆಗೆಯಿರಿ, ತಡೆಗೋಡೆ ಕಟ್ಟಿರಿ. ತುರ್ತಿಗೆ ಅದು ಬೇಕಾದೀತು. ಸೇತುವೆಯ ಬಾಯಿಯ ಹೂಳನ್ನು ತೆಗೆಯದೆ ಬಿಡು ಎಂದು ನಾನು ಹೇಳಲಾರೆ. ಆದರೆ ಕಿಲೋಮೀಟರುಗಟ್ಟಲೆ ತಳವನ್ನು ತೋಡಿ ಆಳಮಾಡಿದರೆ ಬೇಸಗೆಯಲ್ಲಿ ಇನ್ನೊಂದು ಕೇಡು ಕಾದಿರುತ್ತದೆ. ಬೈಲಿನ ಅಡಿಯ ನೀರು ತೋಡಿನ ಮಟ್ಟವನ್ನು ನೋಡಿಕೊಂಡು ನಿಲ್ಲುತ್ತದೆ. ತೋಡು ಒಂದು ಆಳು ತಗ್ಗಿದರೆ ದೊಡ್ಡ ಬಸಿಗಾಲುವೆಯ ಹಾಗೆ ಅದು ಬೈಲಿನ ಒಡಲ ನೀರನ್ನೆಲ್ಲ ಬಸಿದುಬಿಡುತ್ತದೆ. ಆಟಿಯಲ್ಲಿ ನೆರೆ, ಸುಗ್ಗಿಯಲ್ಲಿ ಬಾವಿ ಒಣಗು. ಇವೆರಡೂ ಬೇರೆ ಬೇರೆ ಕಷ್ಟಗಳೆಂದು ನಾವು ಬೇರೆ ಬೇರೆ ಕಚೇರಿಗಳಿಗೆ ಅರ್ಜಿ ಬರೆಯುತ್ತೇವೆ. ನಿಜವಾಗಿ ಅವು ಕಾಣೆಯಾದ ಒಂದೇ ಬೈಲಿನ ಎರಡು ಮುಖಗಳು.

ನಮ್ಮ ಹಳೆಯ ಕಟ್ಟಗಳನ್ನು ಇಲ್ಲಿ ನೆನೆಯಬೇಕು. ಮಳೆ ನಿಂತು, ಹೊಳೆಯ ಹರಿವು ಇಳಿದ ಮೇಲೆ, ಕಲ್ಲು, ಮಣ್ಣು, ಸೊಪ್ಪುಗಳಿಂದ ಊರವರು ಕೂಡಿ ತೋಡಿಗೆ ಅಡ್ಡ ಕಟ್ಟುತ್ತಿದ್ದ ಕಟ್ಟ ಮಳೆಗಾಲ ಬಂದೊಡನೆ ಒಡೆದುಹೋಗಬೇಕೆಂದೇ ಕಟ್ಟಿದ್ದು. ಬೇಸಗೆಯಲ್ಲಿ ನೀರನ್ನು ಏರಿಸಿ ಬೈಲಿಗೆ ಉಣಿಸುವುದು, ಮಳೆಗಾಲದಲ್ಲಿ ದಾರಿ ಬಿಡುವುದು ಅದರ ಧರ್ಮ. ಇಂದಿನ ಕಿಂಡಿ ಅಣೆಕಟ್ಟು ಅದೇ ಕಟ್ಟದ ಸಿಮೆಂಟಿನ ರೂಪ. ಹಲಗೆ ಹಾಕುವುದು, ತೆಗೆಯುವುದು ಅಲ್ಲಿಯೂ ಕಾಲಕ್ಕೆ ಸರಿಯಾಗಿ ನಡೆಯಬೇಕು. ಹಲಗೆ ತೆಗೆಯಲು ಮರೆತಲ್ಲಿ, ಇಲ್ಲವೇ ಕಿಂಡಿಗಳು ಕಿರಿದಾಗಿ ದಿಮ್ಮಿ ಸಿಕ್ಕಿಕೊಂಡಲ್ಲಿ, ಹೊಳೆ ಅಣೆಕಟ್ಟನ್ನು ಬಳಸಿ ಪಕ್ಕದ ತೋಟವನ್ನೇ ಸೀಳಿಕೊಂಡು ಹೋಗುತ್ತದೆ. ಕಟ್ಟದವರು ಬಲ್ಲ ಪಾಠ ಇದು: ಹೊಳೆಯನ್ನು ಹಿಡಿಯಬೇಕಾದ ಕಾಲ ಒಂದು, ಬಿಡಬೇಕಾದ ಕಾಲ ಇನ್ನೊಂದು.

ಹೊರಗಿನ ದೇಶಗಳು ಈ ಪಾಠವನ್ನು ಬಹಳ ಹಣ ತೆತ್ತು ಕಲಿತಿವೆ. ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮ್ಮೀ ಎಂಬ ನದಿಯಿದೆ. ಸುಮಾರು 166 ಕಿಲೋಮೀಟರ್ ಬಳುಕಿ ಹರಿಯುತ್ತಿದ್ದ ಅದನ್ನು 1962ರಿಂದ 1971ರ ಒಳಗೆ 90 ಕಿಲೋಮೀಟರಿನ ನೇರ ಕಾಲುವೆಯಾಗಿ ಮಾಡಿದರು. ನೆರೆ ತಗ್ಗಿತು, ಜತೆಗೆ ಬಯಲಿನ ಜೌಗೂ ಹಕ್ಕಿಗಳೂ ಮೀನುಗಳೂ ಹೋದವು. 1999ರಲ್ಲಿ ಅದೇ ಕಾಲುವೆಯ ಕೆಲವು ಭಾಗಗಳನ್ನು ಮುಚ್ಚಿ ಹಳೆಯ ತಿರುವುಗಳಿಗೆ ನೀರು ಬಿಡುವ ಕೆಲಸ ತೊಡಗಿತು, 2021ರಲ್ಲಿ ಮುಗಿಯಿತು. ಕೆಡಿಸಲು ಒಂಬತ್ತು ವರ್ಷ, ಸರಿಪಡಿಸಲು ಇಪ್ಪತ್ತೆರಡು.

ನೆದರ್ಲೆಂಡ್ಸ್ ಏರಿ ಕಟ್ಟುವುದರಲ್ಲಿ ಜಗತ್ತಿಗೇ ಗುರುವೆನಿಸಿದ ದೇಶ. 1995ರಲ್ಲಿ ಅಲ್ಲಿ ನದಿಗಳು ಏರಿದಾಗ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಏರಿಗಳನ್ನು ಇನ್ನೂ ಎತ್ತರಿಸುವ ಬದಲು ಹಿಂದಕ್ಕೆ ಸರಿಸೋಣ, ನದಿಗೆ ಜಾಗ ಕೊಡೋಣ ಎಂದು ಆ ದೇಶ ನಿಶ್ಚಯಿಸಿ ಮೂವತ್ತಕ್ಕೂ ಹೆಚ್ಚು ಕಡೆಗಳಲ್ಲಿ ಕೆಲಸ ನಡೆಸಿತು. ಓವರ್‌ಡೀಪ್ಸ್ ಎಂಬಲ್ಲಿನ ರೈತರ ನಡೆ ನನಗೆ ವಿಶೇಷವೆನಿಸಿದೆ. ತಮ್ಮ ಹೊಲಗಳ ಮೇಲೆ ನೆರೆ ಹರಿಯುವುದು ಖಂಡಿತವೆಂದು ತಿಳಿದಾಗ ಅವರೇ ಒಂದು ಯೋಜನೆಯನ್ನು ಮುಂದಿಟ್ಟರು: ಮನೆ, ಕೊಟ್ಟಿಗೆಗಳನ್ನು ಎತ್ತರದ ಮಣ್ಣುದಿಬ್ಬಗಳ ಮೇಲೆ ಕಟ್ಟಿಕೊಡಿ, ಹೊಲಗಳನ್ನು ದೊಡ್ಡ ನೆರೆಗೆ ಬಿಡುತ್ತೇವೆ. ಕೆಲವರು ಬೇರೆಡೆಗೆ ಹೋದರು, ಉಳಿದವರು ದಿಬ್ಬವೇರಿದರು. ಮನೆ ಮೇಲೆ, ಬೇಸಾಯ ಕೆಳಗೆ ಎಂಬ ನಮ್ಮ ಬೈಲಿನ ಹಳೆಯ ಕ್ರಮವೇ ಇದಲ್ಲವೇ?

ಇನ್ನೊಂದು ಉದಾಹರಣೆ ನಮ್ಮ ತೋಡುಗಳಿಗೆ ಇನ್ನೂ ಹತ್ತಿರದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಸಣ್ಣ ತೊರೆಗಳ ದಡಗಳು ಆಳೆತ್ತರ ಇದ್ದವು. ಅದೇ ಸಹಜವೆಂದು ಎಲ್ಲರೂ ನಂಬಿದ್ದರು. 2008ರಲ್ಲಿ ರಾಬರ್ಟ್ ವಾಲ್ಟರ್ ಮತ್ತು ಡೊರೊತಿ ಮೆರಿಟ್ಸ್ ಎಂಬ ವಿಜ್ಞಾನಿಗಳು, ಅದು ಸಹಜವಲ್ಲ, ಹಿಂದಿನ ಶತಮಾನಗಳ ಸಾವಿರಾರು ಗಿರಣಿಕಟ್ಟೆಗಳ ಹಿಂದೆ ನಿಂತ ಹೂಳು ಎಂದು ತೋರಿಸಿಕೊಟ್ಟರು. ಹೂಳಿನಡಿಯಲ್ಲಿ ಹಳೆಯ ಜೌಗುಬಯಲಿನ ಕಪ್ಪು ಮಣ್ಣು ಸಿಕ್ಕಿತು. 2011ರಲ್ಲಿ ಬಿಗ್ ಸ್ಪ್ರಿಂಗ್ ರನ್ ಎಂಬ ತೊರೆಯ ಬದಿಯ ಆ ಹೂಳನ್ನು ತೆಗೆದು ಬಯಲನ್ನು ಹಳೆಯ ಮಟ್ಟಕ್ಕೆ ಇಳಿಸಿದರು. ತೊರೆಯನ್ನು ಆಳಮಾಡಲಿಲ್ಲ, ಬಯಲನ್ನು ತಗ್ಗಿಸಿದರು ಎಂಬುದನ್ನು ಗಮನಿಸಬೇಕು. ನೀರು ಹರಡತೊಡಗಿತು, ಜೌಗು ಹಸುರಾಯಿತು.

ಹಾಗಾದರೆ ನಮ್ಮಲ್ಲಿ ನೆರೆಬಯಲನ್ನು ರೂಪಿಸುವುದು ಹೇಗೆ? ಮೊದಲ ಕೆಲಸ ಅದನ್ನು ಹುಡುಕುವುದು. ಮಳೆಗಾಲ ಕಳೆದ ಮೇಲೆ ಕೊರೆದುಹೋದ ದಡದ ಎದುರು ನಿಂತು ನೋಡಿದರೆ ಮರಳಿನ ಪದರ, ಗೋಡಿನ ಪದರ, ಮತ್ತೆ ಮರಳು ಹೀಗೆ ಹೊಳೆ ಬರೆದಿಟ್ಟ ಕಡತ ಕಾಣುತ್ತದೆ. ಅದರ ಮೇಲೆ ಕೆಂಪು ಗುಡ್ಡಮಣ್ಣು ಕುಳಿತಿದ್ದರೆ ಅದು ನಾವು ತಂದು ಸುರಿದದ್ದು. ಊರಿನ ಹಿರಿಯರು ನೆರೆ ಎಲ್ಲಿಯ ತನಕ ಬಂದಿತ್ತೆಂದು ತೋರಿಸುತ್ತಾರೆ. ಸಾಧ್ಯವಾದರೆ ಅದೇ ಹೊಳೆಯ ಮೇಲ್ಭಾಗದಲ್ಲಿ ಕೈ ತಾಗದ ಒಂದು ತುಂಡನ್ನು ಹುಡುಕಿ ಅದನ್ನೇ ಮಾದರಿಯಾಗಿ ಅಳೆಯಬೇಕು.

ಎರಡನೆಯದು ಒಂದು ಸರಳ ಲೆಕ್ಕ. ತುಂಬುಹೊಳೆಯ ದಡದ ಮಟ್ಟದಲ್ಲಿ ಅಗಲವನ್ನೂ ಅತಿ ಹೆಚ್ಚಿನ ಆಳವನ್ನೂ ಅಳೆಯಿರಿ. ಆಳವನ್ನು ಇಮ್ಮಡಿಸಿ, ಆ ಎತ್ತರದಲ್ಲಿ ನೀರು ಎಷ್ಟು ಅಗಲಕ್ಕೆ ಹರಡಬಲ್ಲದೆಂದು ನೋಡಿರಿ. ಈ ಎರಡನೆಯ ಅಗಲ ಮೊದಲನೆಯದರ 2.2 ಪಟ್ಟಿಗಿಂತ ಹೆಚ್ಚಾದರೆ ಹೊಳೆಗೆ ಬಯಲಿದೆ ಎಂದರ್ಥ; 1.4 ಪಟ್ಟಿಗಿಂತ ಕಡಿಮೆಯಾದರೆ ಅದು ಕಂದಕದಲ್ಲಿ ಸಿಕ್ಕಿಬಿದ್ದಿದೆ. ಹೊಳೆಗಳನ್ನು ವರ್ಗೀಕರಿಸುವವರು ಬಳಸುವ ಅಳತೆ ಇದು. ಒಂದು ಹಗ್ಗ, ಒಂದು ಕೋಲು, ನೀರುಮಟ್ಟದ ಕೊಳವೆ ಇದ್ದರೆ ಹೈಸ್ಕೂಲಿನ ಮಕ್ಕಳೂ ಮಾಡಬಹುದು. ಘಟ್ಟದ ಇಕ್ಕಟ್ಟಿನಲ್ಲಿ, ಬಂಡೆಗಳ ನಡುವೆ ಧುಮುಕುವ ಹೊಳೆ ಸಹಜವಾಗಿಯೇ ಇಕ್ಕಟ್ಟು. ಅಲ್ಲಿ ಬಯಲನ್ನು ಹುಡುಕುವುದು ವ್ಯರ್ಥ. ಹುಡುಕಬೇಕಾದುದು ಬುಡದ ಬೈಲುಗಳಲ್ಲಿ.

ಮೂರನೆಯದು ರೂಪಿಸುವ ಕೆಲಸ. ಇಡೀ ಬೈಲು ಸಿಗುವುದು ಕಷ್ಟ. ಸಿಕ್ಕಷ್ಟರಲ್ಲಿ ಎರಡು ಮೆಟ್ಟಿಲಿನ ಪಾತ್ರ ಮಾಡಬಹುದು: ಕೆಳಗೆ ಬೇಸಗೆಯ ಹರಿವಿಗೆ ತಕ್ಕ ಕಿರಿದಾದ, ತುಸು ಬಳುಕಿನ ತೋಡು, ಅದರ ದಡದ ಮಟ್ಟದಲ್ಲಿ ಒಂದೋ ಎರಡೋ ಬದಿಗೆ ತಗ್ಗಿಸಿದ ಜಗಲಿಯಂಥ ಬಯಲು, ಅದರಾಚೆ ತೋಟದ ದಡ. ತಡೆಗೋಡೆ ಬೇಕೇಬೇಕೆಂದಿದ್ದರೆ ಅದು ಈ ಜಗಲಿಯ ಆಚೆಗೆ ಬರಲಿ, ನೀರಿನ ಅಂಚಿಗಲ್ಲ. ಜಗಲಿಯ ಮೇಲೆ ಬಿದಿರು, ಹೊಂಗೆ, ಹೊಳೆಮತ್ತಿ, ಮುಂಡುಗದ ಮೆಳೆ ಇರಲಿ. ಅವು ನೀರಿನ ವೇಗವನ್ನು ಮುರಿಯುತ್ತವೆ, ತೇಲಿಬರುವ ದಿಮ್ಮಿಗಳನ್ನು ಸೇತುವೆಗೆ ಮುಟ್ಟುವ ಮೊದಲೇ ಹಿಡಿಯುತ್ತವೆ. ನೀರು ಬಯಲಿಗೆ ಏರುವ ಬಾಯಿಯಷ್ಟೇ ಮುಖ್ಯವಾದುದು ಇಳಿದುಹೋಗುವ ಬಾಯಿ. ಕೆಳತುದಿಯಲ್ಲಿ ದಾರಿಯಿಲ್ಲದೆ ನೀರು ನಿಂತರೆ ತೋಟ ಕೊಳೆಯುತ್ತದೆ. ಮೊದಲ ಮಳೆಗೆ ಹತ್ತಿದ ಮೀನಿನ ಮರಿಗಳೂ ಹೊಳೆಗೆ ಮರಳಲಾರದೆ ಹೊಂಡಗಳಲ್ಲಿ ಸಾಯುತ್ತವೆ. ಸೇತುವೆ ಕಟ್ಟುವಾಗಲೂ ತುಂಬುಹೊಳೆಯ ಅಗಲಕ್ಕೆ ಕಮಾನು, ಬಯಲಿನ ಅಗಲಕ್ಕೆ ಮಣ್ಣಿನ ಏರಿ ಎಂಬ ರೂಢಿ ಬಿಡಬೇಕು. ಏರಿಯ ಅಡಿಯಲ್ಲೂ ನೆರೆಗೆ ಕಂಡಿಗಳಿರಬೇಕು.

ಇಷ್ಟು ಹೇಳಿದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಈ ಮಾತನ್ನು ನಾನು ಒಮ್ಮೆ ಹೊಳೆಬದಿಯ ಒಬ್ಬ ಕೃಷಿಕರಲ್ಲಿ ಎತ್ತಿದಾಗ ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸದೆಯೇ ಕೇಳಿದರು: “ಅಲ್ಲ ಮಾಷ್ಟ್ರೇ, ನನಗಿರುವುದೇ ಮುಕ್ಕಾಲು ಎಕರೆ. ಅದರಲ್ಲಿ ಹೊಳೆಗೆಂದು ಬಿಟ್ಟರೆ ನಾನು ಉಣ್ಣುವುದು ಎಂಥದ್ದು?” ಈ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಕಾಗದದಲ್ಲೇ ಉಳಿಯುತ್ತದೆ, ಉಳಿಯಬೇಕಾದುದೂ ಸರಿಯೇ. ನೆರೆಬಯಲಿನಿಂದ ಲಾಭ ಪಡೆಯುವವನು ಕೆಳಗಿನ ಊರಿನವನು, ಪೇಟೆಯವನು, ಸೇತುವೆ ದಾಟುವವನು. ನೆಲ ಬಿಡುವವನು ಮೇಲಿನವನು. ಲಾಭ ಒಬ್ಬನಿಗೆ, ನಷ್ಟ ಇನ್ನೊಬ್ಬನಿಗೆ ಆದರೆ ಅದು ಧರ್ಮವಲ್ಲ. ತಡೆಗೋಡೆಗೆ ಸುರಿಯುವ ಸಾರ್ವಜನಿಕ ಹಣದ ಒಂದು ಪಾಲು ಹೊಳೆಗೆ ನೆಲ ಬಿಟ್ಟವನಿಗೆ ವರ್ಷ ವರ್ಷವೂ ಸಲ್ಲುವಂತಾಗಬೇಕು. ನೆಲ ಅವನದೇ ಆಗಿರಲಿ. ನೆರೆಯನ್ನು ಹೊರುವ ಕೆಲಸಕ್ಕೆ ಅವನಿಗೆ ಬಾಡಿಗೆ ಸಿಗಲಿ.

ಎಲ್ಲ ತೋಟವನ್ನೂ ಕಡಿಯಬೇಕೆಂದು ನನ್ನ ಅಭಿಪ್ರಾಯವಲ್ಲ. ಬೇಗ ಬಂದು ಬೇಗ ಇಳಿಯುವ ನೆರೆಯನ್ನು ಬೆಳೆದ ಅಡಿಕೆಮರ ತಾಳಿಕೊಳ್ಳುತ್ತದೆ. ತಾಳದಿರುವುದು ನಿಂತ ನೀರನ್ನು. ಆದ್ದರಿಂದ ಬಸಿಕಣಿ ಚೆನ್ನಾಗಿರುವ ತೋಟ ದೊಡ್ಡ ನೆರೆಗೆ ಬಯಲಾಗಬಲ್ಲದು. ಇನ್ನು ಸಂಪಾಜೆ, ಅರಂತೋಡು, ತೊಡಿಕಾನದ ಸುತ್ತ ಹಳದಿ ಎಲೆ ರೋಗದಿಂದ ತೋಟಗಳು ಸೊರಗಿವೆ. ಮುಂದೇನು ಬೆಳೆಯುವುದೆಂದು ಅಲ್ಲಿನ ಕೃಷಿಕರು ಕಂಗಾಲಾಗಿ ಕೇಳುತ್ತಿದ್ದಾರೆ. ಅಂಥ ತೋಟಗಳ ಪೈಕಿ ಹೊಳೆಗೆ ತಾಗಿದ ಅಂಚಿನ ಪಟ್ಟಿಗಳಲ್ಲಿ ಬಿದಿರೋ, ಹುಲ್ಲೋ, ಮತ್ತೆ ಭತ್ತವೋ ಬೆಳೆಯುವಂತೆ ನೆರವು ಕೊಟ್ಟು ನೆರೆಬಯಲಿನ ಕೆಲಸವನ್ನು ಅಲ್ಲಿಂದಲೇ ಏಕೆ ತೊಡಗಬಾರದು? ಒಬ್ಬನ ಬಲವಂತವಿಲ್ಲದೆ, ಒಂದು ತಿರುವಿನಲ್ಲಿ, ಹತ್ತು ಮನೆಯವರು ಒಪ್ಪಿದ ಕಡೆ ಮಾಡಿ ತೋರಿಸಿದರೆ ಉಳಿದವರು ಬಂದು ನೋಡುತ್ತಾರೆ. ಕಟ್ಟಗಳು ಊರಿಂದೂರಿಗೆ ಹರಡಿದ್ದೂ ಹಾಗೆಯೇ ಅಲ್ಲವೇ?

ನೆರೆಬಯಲಿನಿಂದ ಮಾರಿ ಬೊಳ್ಳ ಬಾರದೆಂದು ನಾನು ಮಾತು ಕೊಡಲಾರೆ. ಒಂದು ಬೈಲು ಒಂದು ಹೊಳೆಯನ್ನು ತಡೆಯದು. ಆದರೆ ಸಂಪಾಜೆಯಿಂದ ಜಾಲ್ಸೂರಿನ ತನಕ, ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯ ತನಕ ಅಲ್ಲಲ್ಲಿ ಹತ್ತಾರು ಬೈಲುಗಳು ಒಂದೊಂದು ಗಳಿಗೆ ನೀರನ್ನು ಹಿಡಿದು ನಿಲ್ಲಿಸಿದರೆ, ಕೆಳಗಿನ ಪೇಟೆಗೆ ನೀರು ಒಮ್ಮೆಗೇ ಬಂದು ಬೀಳುವುದಿಲ್ಲ, ಸಾಲಾಗಿ ಬರುತ್ತದೆ. ಏರಿದ ನೀರು ಒಂದು ಮೊಳ ಕಡಿಮೆಯಾದರೆ ಎಷ್ಟು ಮನೆಗಳ ಹೊಸ್ತಿಲು ಉಳಿಯುತ್ತದೆ ಎಂಬುದನ್ನು ಕಲ್ಲುಗುಂಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದೇ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಹೊಳೆಬದಿಯಲ್ಲಿ ನೆರೆ ಏರಿದ ಎತ್ತರಗಳನ್ನು ಕಲ್ಲಿನಲ್ಲಿ ಗುರುತು ಮಾಡಿಸಲಿ. 1923ರದ್ದನ್ನೂ 1974ರದ್ದನ್ನೂ ತಿಳಿದವರ ಮನೆಗಳಲ್ಲಿ ವಿಚಾರಿಸಿ ಬರೆಸಲಿ, 2018, 2022ರದ್ದನ್ನು ಕಂಡವರೇ ತೋರಿಸಲಿ. ಆ ಕಲ್ಲುಗಳನ್ನು ಕೂಡಿಸಿ ಎಳೆದ ಗೆರೆ ಹೊಳೆಯ ಎರಡನೆಯ ದಡ. ಅದರ ಒಳಗೆ ಮನೆ ಕಟ್ಟಲು ಹೊರಟವನು ಕಲ್ಲನ್ನು ಓದಿ ಒಮ್ಮೆ ಯೋಚಿಸಲಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಕಾಡು, ಕುಮ್ಕಿ, ತೋಟ, ಗದ್ದೆ ಎಲ್ಲವನ್ನೂ ಪತ್ರದಲ್ಲಿ ಬರೆಯುತ್ತೇವೆ. ಈ ನೆಲವನ್ನು ಮಾಡಿಕೊಟ್ಟ ಹೊಳೆಯ ಪಾಲನ್ನೂ ಆ ಪತ್ರದಲ್ಲಿ ಕಾಣಿಸುವ ಕಾಲ ಬಂದಿದೆ.